ಭಿನ್ನಮತ ಉಳಿಯಲಿ, ಸುಳ್ಳುಸಾಕ್ಷಿ ಅಳಿಯಲಿ

2004ರ ನವೆಂಬರ್ 14ರಂದು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ, ಮಾರ್ಮನ್ ಪಂಥದವರ ಚಾರಿತ್ರಿಕ ಸಭಾಂಗಣ ಟ್ಯಾಬರ್ನೇಕಲ್‌ನಲ್ಲಿ ನಿಂತು ರಿಚರ್ಡ್ ಮೌ ಕ್ಷಮೆ ಕೇಳಿದರು. ಬೈಬಲ್ಲೇ ಪರಮ ಪ್ರಮಾಣ ಎನ್ನುವ ಇವಾಂಜೆಲಿಕಲ್ ಪಂಥದ ಗಣ್ಯ ವಿದ್ವಾಂಸರು ಅವರು. ಆಗ ಫುಲ್ಲರ್ ಸೆಮಿನರಿ ಎಂಬ ದೇವತಾಶಾಸ್ತ್ರ ಶಾಲೆಯ ಅಧ್ಯಕ್ಷರು. ಮಾರ್ಮನ್ನರ ನಂಬಿಕೆಗಳನ್ನು ತಮ್ಮವರು ತಿರುಚಿ ಹೇಳುತ್ತ ಬಂದಿದ್ದಾರೆ, ಇದು ನೆರೆಯವರ ಮೇಲೆ ಸುಳ್ಳುಸಾಕ್ಷಿ ಹೇಳಿದ ಪಾಪ ಎಂದು ಅವರು ಒಪ್ಪಿಕೊಂಡರು. ಸ್ವಂತ ಪಂಥದವರಲ್ಲೇ ಅನೇಕರು ಅವರ ಮೇಲೆ ಮುಗಿಬಿದ್ದರು.

ಆ ಸಿಟ್ಟಿಗೆ ಕಾರಣಗಳಿದ್ದವು. ಇವಾಂಜೆಲಿಕಲರೂ ಮಾರ್ಮನ್ನರೂ ಯೇಸುವನ್ನು ರಕ್ಷಕನೆಂದೇ ಕರೆಯುತ್ತಾರೆ. ಆದರೆ ಇವಾಂಜೆಲಿಕಲರದು ತ್ರಿಯೇಕ ದೇವರು, ಅಂದರೆ ಮೂವರಲ್ಲಿ ಒಬ್ಬನೇ ದೇವರು. ಮಾರ್ಮನ್ನರಿಗೆ ತಂದೆ, ಮಗ, ಪವಿತ್ರಾತ್ಮ ಮೂವರೂ ಪ್ರತ್ಯೇಕ, ತಂದೆಗೂ ದೇಹವುಂಟು. 1830ರಲ್ಲಿ ಪ್ರಕಟವಾದ ‘ಬುಕ್ ಆಫ್ ಮಾರ್ಮನ್’ ಅವರಿಗೆ ಬೈಬಲಿನ ಜೊತೆಗಿನ ಧರ್ಮಗ್ರಂಥ. ಆಗಿದ್ದ ಯಾವ ಚರ್ಚೂ ಸರಿಯಿಲ್ಲವೆಂದು ದರ್ಶನದಲ್ಲಿ ತಿಳಿಯಿತು ಎಂದರು ಮಾರ್ಮನ್ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್. ಕಹಿ ಬರೀ ಮಾತಿನಲ್ಲಿ ಮುಗಿಯಲಿಲ್ಲ. ಮಾರ್ಮನ್ನರನ್ನು ನಿರ್ನಾಮ ಮಾಡಿ, ಇಲ್ಲವೇ ಹೊರದಬ್ಬಿ ಎಂದು 1838ರಲ್ಲಿ ಮಿಸೌರಿಯ ಗವರ್ನರ್ ಆದೇಶಿಸಿದರು. 1844ರಲ್ಲಿ ಇಲಿನಾಯ್‌ನ ಜೈಲಿಗೆ ನುಗ್ಗಿದ ಗುಂಪು ಸ್ಮಿತ್‌ರನ್ನು ಕೊಂದಿತು.

ಇಷ್ಟೆಲ್ಲ ಇದ್ದೂ ಮಾತುಕತೆ ಸಾಧ್ಯವೆಂದು ತೋರಿಸಿದವರಿದ್ದಾರೆ. ಇವಾಂಜೆಲಿಕಲ್ ವಿದ್ವಾಂಸ ಕ್ರೇಗ್ ಬ್ಲೋಮ್‌ಬರ್ಗ್ ಮತ್ತು ಮಾರ್ಮನ್ ಪ್ರಾಧ್ಯಾಪಕ ಸ್ಟೀಫನ್ ರಾಬಿನ್ಸನ್ 1997ರಲ್ಲಿ ಸೇರಿ ಒಂದು ಪುಸ್ತಕ ಬರೆದರು. ಧರ್ಮಗ್ರಂಥ, ದೇವರು, ಕ್ರಿಸ್ತ, ರಕ್ಷಣೆ ಈ ನಾಲ್ಕು ವಿಷಯಗಳಲ್ಲಿ ಪ್ರತಿಯೊಬ್ಬರೂ ತಮ್ಮ ನಂಬಿಕೆಯನ್ನೂ ಎದುರಿನವರ ಬಗೆಗಿನ ತಕರಾರನ್ನೂ ಬಿಚ್ಚಿಟ್ಟರು. ಒಪ್ಪಿದ್ದೆಷ್ಟು, ಒಪ್ಪದ್ದೆಷ್ಟು ಎಂದು ಕೊನೆಯಲ್ಲಿ ಜಂಟಿಯಾಗಿ ದಾಖಲಿಸಿದರು. ಮೌ ಹಾಗೂ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ರಾಬರ್ಟ್ ಮಿಲೆಟ್ ಅವರ ಬಳಗ ಇದೇ ದಾರಿಯಲ್ಲಿ ವರ್ಷಗಟ್ಟಲೆ ಕೂತು ಚರ್ಚಿಸಿತು.

ಇಂಥ ಸ್ನೇಹ ಭಕ್ತರನ್ನು ದಾರಿ ತಪ್ಪಿಸುತ್ತದೆ, ವ್ಯತ್ಯಾಸವನ್ನು ಮಸುಕುಗೊಳಿಸುತ್ತದೆ ಎಂಬುದು ಟೀಕಾಕಾರರ ಆತಂಕ. ನಿಜದಲ್ಲಿ ವ್ಯತ್ಯಾಸವನ್ನು ಮಸುಕುಗೊಳಿಸುವುದು ಬೇರೆ: ಲಾಭದ ಲೆಕ್ಕದಲ್ಲಿ ಹುಟ್ಟುವ ಸೌಹಾರ್ದ. 2012ರಲ್ಲಿ ಮಾರ್ಮನ್ನರಾದ ಮಿಟ್ ರಾಮ್ನಿ ಅಮೆರಿಕದ ಅಧ್ಯಕ್ಷೀಯ ಅಭ್ಯರ್ಥಿಯಾಗಿದ್ದಾಗ, ಮತದಾನಕ್ಕೆ ಕೆಲವೇ ವಾರಗಳಿದ್ದಂತೆ, ಇವಾಂಜೆಲಿಕಲ್ ಪ್ರಚಾರಕ ಬಿಲ್ಲಿ ಗ್ರಹಾಂ ಅವರ ಸಂಸ್ಥೆ ಅಡ್ಡಪಂಥಗಳ ಪಟ್ಟಿಯಿಂದ ಮಾರ್ಮನ್ ಹೆಸರನ್ನು ತೆಗೆಯಿತು. ದೇವತಾಶಾಸ್ತ್ರದ ಒಂದು ಗಂಟೂ ಅದರಿಂದ ಬಿಚ್ಚಿಕೊಳ್ಳಲಿಲ್ಲ. ಬ್ಲೋಮ್‌ಬರ್ಗ್–ರಾಬಿನ್ಸನ್ ಮಾದರಿಯಲ್ಲಿ ಗಂಟುಗಳನ್ನು ಮುಚ್ಚಿಡುವುದಿಲ್ಲ, ಎಲ್ಲಿವೆಯೆಂದು ಗುರುತಿಸಲಾಗುತ್ತದೆ.

ಎರಡೂ ಮತಪ್ರಚಾರದ ಪಂಥಗಳೇ. ಎದುರಿನವರು ಬದಲಾಗಲಿ ಎಂದು ಇಬ್ಬರೂ ಪ್ರಾರ್ಥಿಸುತ್ತಾರೆ. ಅದನ್ನು ಬಿಟ್ಟುಬನ್ನಿ ಎನ್ನುವುದು ಅವರ ಶ್ರದ್ಧೆಯನ್ನೇ ಬಿಡಿ ಎಂದಂತೆ. ಗೌರವಕ್ಕೆ ಬೇಕಾದ್ದು ಒಂದು ಶಿಸ್ತು: ನಾನು ವಿವರಿಸಿದ ನಿಮ್ಮ ನಂಬಿಕೆಯನ್ನು ಕೇಳಿ ನೀವು ‘ಹೌದು, ನಾವು ನಂಬುವುದು ಇದನ್ನೇ’ ಎನ್ನಬೇಕು. ಖಂಡನೆಯ ಹಕ್ಕು ಆಮೇಲೆ. ಇದು ಅಮೆರಿಕದ ಮಾತಷ್ಟೇ ಅಲ್ಲ: ಬೆಂಗಳೂರಿನಲ್ಲಿ ದೇವಾಲಯ ಕಟ್ಟುವುದಾಗಿ ಮಾರ್ಮನ್ ಚರ್ಚ್ 2018ರಲ್ಲೇ ಘೋಷಿಸಿದೆ. ಹಾಗಾಗಿ ನಮ್ಮ ಕ್ರೈಸ್ತ ಸಭೆಗಳ ಮುಂದೆಯೂ ಈ ಪ್ರಶ್ನೆ ಬರಲಿದೆ. ಆಗ ಅವು ಮಾರ್ಮನ್ನರ ಬಗ್ಗೆ ಕೇಳಿದ್ದನ್ನಷ್ಟೇ ನಂಬದೆ, ಮೊದಲು ಮಾರ್ಮನ್ನರನ್ನೇ ಕೇಳಲಿ.