ಹದಿನಾರರ ಹರೆಯದಲ್ಲಿ ಹಾಕುವ ಬೀಗ

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದೊಡನೆ, ಒಂದು ಕಾಲದಲ್ಲಿ ನನ್ನೆದುರು ಬೆಂಚಿನಲ್ಲಿ ಕುಳಿತಿದ್ದವರೇ ಇಂದು ತಂದೆತಾಯಿಯರಾಗಿ ನನಗೆ ಫೋನ್ ಮಾಡುತ್ತಾರೆ. ಎಲ್ಲರ ಪ್ರಶ್ನೆಯೂ ಒಂದೇ: "ಸರ್, ಸೈನ್ಸ್ ಕೊಡಿಸಲೋ, ಕಾಮರ್ಸ್ ಕೊಡಿಸಲೋ?" ಪ್ರಶ್ನೆ ಸರಿಯೇ. ಆದರೆ ಅದರ ಹಿಂದೆ ಒಂದು ನಂಬಿಕೆ ಅಡಗಿದೆ. ಬ್ಯಾಂಕು, ಹಣಕಾಸು ಕಾಮರ್ಸ್ ಓದಿದವರಿಗೆ. ಔಷಧ, ಜೀವವಿಜ್ಞಾನ ಪಿಸಿಎಂಬಿ ಓದಿದವರಿಗೆ. ಒಮ್ಮೆ ಎಳೆದ ಗೆರೆಯನ್ನು ದಾಟುವಂತಿಲ್ಲ. ಈ ನಂಬಿಕೆ ಸುಳ್ಳು ಎಂಬುದೇ ನನ್ನ ವಾದ.

ನಮ್ಮ ಕರಾವಳಿಯ ಇತಿಹಾಸವನ್ನೇ ನೋಡಿ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದ ಅಮ್ಮೆಂಬಳ ಸುಬ್ಬರಾವ್ ಪೈಯವರು ವಕೀಲರು. 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯನ್ನು ಕಟ್ಟಿದ ಮೂವರಲ್ಲಿ ಟಿ.ಎಂ.ಎ. ಪೈ ವೈದ್ಯರು, ವಾಮನ ಕುಡ್ವ ಎಂಜಿನಿಯರು, ಉಪೇಂದ್ರ ಪೈ ವ್ಯಾಪಾರಿ. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆಬಾಗಿಲಲ್ಲೇ ಸಂಗ್ರಹಿಸುವ ಪಿಗ್ಮಿ ಠೇವಣಿ 1928ರಲ್ಲಿ ಆರಂಭವಾದದ್ದು ಅಲ್ಲಿಯೇ. ಇಂಥದೊಂದು ಯೋಜನೆ ಹೊಳೆಯಲು ಲೆಕ್ಕಪುಸ್ತಕದ ಜ್ಞಾನ ಸಾಲದು. ಬಡವನ ಮನೆಯ ಒಳಗೂ ತಿಳಿದಿರಬೇಕು. 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ ವಿಲೀನವಾಯಿತು. ವಕೀಲರ ಬ್ಯಾಂಕು, ವೈದ್ಯರ ಬ್ಯಾಂಕು ಈಗ ಒಂದೇ! ಐಸಿಐಸಿಐ ಬ್ಯಾಂಕನ್ನು ಬೆಳೆಸಿದ ಕೆ.ವಿ. ಕಾಮತರೂ ಸುರತ್ಕಲ್‌ನಲ್ಲಿ ಮೊದಲು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್.

ಇನ್ನು ಜೀವವಿಜ್ಞಾನ. ಕಿರಣ್ ಮಜುಂದಾರ್ ಷಾ ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಓದಿ, ಆಸ್ಟ್ರೇಲಿಯಾಕ್ಕೆ ಹೋಗಿ ಕಲಿತದ್ದು ಬಿಯರ್ ತಯಾರಿಕೆ. ಹೆಣ್ಣೆಂಬ ಕಾರಣಕ್ಕೆ ಇಲ್ಲಿ ಆ ಕೆಲಸ ದೊರೆಯಲಿಲ್ಲ. 1978ರಲ್ಲಿ ಬಯೋಕಾನ್ ಆರಂಭಿಸಿ ಕಿಣ್ವಗಳನ್ನು ತಯಾರಿಸಿದರು. ಅದೇ ಸಂಸ್ಥೆ 2004ರಲ್ಲಿ ಯೀಸ್ಟಿನ ನೆರವಿನಿಂದ ತಯಾರಿಸಿದ ಇನ್ಸುಲಿನ್ ಅನ್ನು ಮಾರುಕಟ್ಟೆಗೆ ತಂದಿತು. ಬಿಯರಿನ ಪೀಪಾಯಿಗೂ ಮಧುಮೇಹಿಯ ಔಷಧಕ್ಕೂ ನಡುವೆ ಇದ್ದ ಸೇತುವೆ ಹುದುಗುವಿಕೆಯ ವಿದ್ಯೆ. ವೆಂಕಿ ರಾಮಕೃಷ್ಣನ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ಜೀವಶಾಸ್ತ್ರದ ತರಗತಿಗೆ ಸೇರಿದರು. ಜೀವಕೋಶದೊಳಗಿನ ರೈಬೋಸೋಮಿನ ರಚನೆಯನ್ನು ಬಿಡಿಸಿದ್ದಕ್ಕೆ 2009ರಲ್ಲಿ ಅವರಿಗೆ ನೊಬೆಲ್ ದೊರೆತದ್ದು ರಸಾಯನಶಾಸ್ತ್ರದಲ್ಲಿ!

"ಅವರೆಲ್ಲ ಅಸಾಮಾನ್ಯರು, ನಮ್ಮ ಮಗುವಿನ ಮಾತು ಬೇರೆ" ಎನ್ನುವಿರಿ. ಹಾಗಾದರೆ ಸಾಮಾನ್ಯರ ಮಾತನ್ನೇ ಆಡೋಣ. ಸರಕಾರಿ ಬ್ಯಾಂಕುಗಳ ಪ್ರೊಬೇಷನರಿ ಆಫೀಸರ್ ಪರೀಕ್ಷೆಗೆ ಯಾವ ಪದವಿಯಾದರೂ ಸಾಕು. ಚಾರ್ಟರ್ಡ್ ಅಕೌಂಟೆಂಟ್ ಆಗಲು ಪಿ.ಯು.ಸಿ.ಯಲ್ಲಿ ಯಾವ ವಿಭಾಗವಾದರೂ ಅಡ್ಡಿಯಿಲ್ಲ. ಔಷಧ ಕಂಪನಿಗಳಲ್ಲಿ ಸಂಖ್ಯಾಶಾಸ್ತ್ರಜ್ಞರು, ರಾಸಾಯನಿಕ ಎಂಜಿನಿಯರುಗಳು, ಕಂಪ್ಯೂಟರ್ ಓದಿದವರು, ಕಾನೂನು ಬಲ್ಲವರು ಎಲ್ಲರೂ ಬೇಕು. ಹೊಸ ಔಷಧವೊಂದು ಗುಣಕಾರಿಯೇ ಎಂದು ತೀರ್ಮಾನಿಸಲು ವೈದ್ಯನೊಬ್ಬನೇ ಸಾಲನು, ಅಂಕಿಅಂಶ ಬಲ್ಲವನೂ ಬೇಕು.

ಹಾಗೆಂದು ಪದವಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ಮೇಲೆ ಹೆಸರಿಸಿದವರೆಲ್ಲ ಮೊದಲು ಒಂದು ವಿದ್ಯೆಯನ್ನು ಆಳವಾಗಿ ಕಲಿತವರು. ವೈದ್ಯನಾಗುವವನು ಜೀವಶಾಸ್ತ್ರ ಓದಲೇಬೇಕು. ಆ ಬಾಗಿಲಿಗೆ ಕಾವಲು ನ್ಯಾಯವೇ. ನನ್ನ ಆಕ್ಷೇಪ ಅನ್ಯಾಯದ ಬಾಗಿಲಿನ ಬಗ್ಗೆ. ವಿಜ್ಞಾನ ಓದಿದವನು ನಾಳೆ ಬಿ.ಕಾಂ. ಸೇರಬಹುದು. ಕಾಮರ್ಸ್ ಓದಿದವಳಿಗೆ ಜೀವವಿಜ್ಞಾನದ ಬಿ.ಎಸ್ಸಿ. ಬಾಗಿಲು ಸಾಮಾನ್ಯವಾಗಿ ತೆರೆಯದು. ತಪ್ಪಿದ್ದನ್ನು ಕಲಿಯಲು ಒಂದು ವರ್ಷದ ಸೇತುಬಂಧ ತರಗತಿ ಕೊಡಲಾಗದೆ? ಹದಿನಾರು ವರ್ಷದ ಮಗುವಿನ ಆಯ್ಕೆಗೆ ಆಜೀವ ಶಿಕ್ಷೆ ಏಕೆ? ಅದಕ್ಕಿಂತ ಕ್ರೂರವಾದದ್ದು "ಮಾರ್ಕ್ಸ್ ಬರಲಿಲ್ಲ, ಕಾಮರ್ಸ್‌ಗೆ ಹಾಕಿದೆವು" ಎಂದು ಮಗುವಿನ ಎದುರಿಗೇ ಬಂಧುಗಳಲ್ಲಿ ಹೇಳುವ ಪರಿಪಾಠ. ಅದು ಮಗುವನ್ನೂ ಅವಮಾನಿಸುತ್ತದೆ, ಆ ವಿದ್ಯೆಯನ್ನೂ.

ಪ್ರಿಯ ಶಿಷ್ಯರೇ, ಈ ಬಾರಿ ಫೋನ್ ಮಾಡುವ ಮೊದಲು ಮಗುವನ್ನು ಕೇಳಿ: ಯಾರೂ ಹೇಳದಿದ್ದರೂ ನೀನಾಗಿ ತೆರೆಯುವ ಪುಸ್ತಕ ಯಾವುದು? ಆ ಉತ್ತರದೊಡನೆ ಬನ್ನಿ, ಉಳಿದದ್ದನ್ನು ಮಾತಾಡೋಣ.