ಸ್ತ್ರೀಚರಿತ್ರ: ಇರುವೆಯೆಂದು ಹೆಸರಾದ ಆಟಗಾರ್ತಿ

ಮನೆಯಲ್ಲಿ ಹತ್ತು ಜನ ಪಂಕ್ತಿಗೆ ಕುಳಿತಾಗ ಎಲ್ಲರೂ ಹೋಳಿಗೆಯ ರುಚಿಯನ್ನು ಕೊಂಡಾಡುವರು. ಯಾವ ಎಲೆಯಲ್ಲಿ ಏನು ಬರಿದಾಯಿತು, ಬೇಕೆಂದು ಬಾಯಿಬಿಟ್ಟು ಕೇಳಲಾರದವರು ಯಾರು ಎಂಬುದನ್ನು ಕಣ್ಣಿಟ್ಟು ನೋಡಿ, ಸಾಲಿನ ಈ ತುದಿಯಿಂದ ಆ ತುದಿಗೆ ಸುಳಿದಾಡುತ್ತ ಬಡಿಸುವ ಕೈಯನ್ನು ಹೊಗಳುವವರು ವಿರಳ. ಕಾಲ್ಚೆಂಡಿನ ಆಟದಲ್ಲಿಯೂ ಇಂತಹದೊಂದು ಸ್ಥಾನವುಂಟು. ಮುಂದೆ ನಿಂತು ಗೋಲು ಹೊಡೆಯುವವರ ಹೆಸರು ಪತ್ರಿಕೆಗಳಲ್ಲಿ ಮೆರೆಯುವುದು. ಹಿಂದೆ ನಿಂತು ಗೋಲನ್ನು ಕಾಯುವವರಿಗೂ ಅಷ್ಟಿಷ್ಟು ಕೀರ್ತಿ ದೊರೆಯುವುದು. ಇವರಿಬ್ಬರ ನಡುವೆ ನಿಂತು, ಎದುರಾಳಿಯ ಕಾಲಿನಿಂದ ಚೆಂಡನ್ನು ಕಸಿದು, ಸಮಯವರಿತು ತನ್ನವರಿಗೆ ಸಾಗಿಸಿ, ಮತ್ತೆ ಓಡಿಹೋಗಿ ತೆರಪಾದ ಸ್ಥಳವನ್ನು ತುಂಬುವ ನಡುಗಳದ ಆಟಗಾರ್ತಿಯ ದುಡಿಮೆಯು ಸಾಮಾನ್ಯರ ಕಣ್ಣಿಗೆ ಬೀಳುವುದೇ ಕಡಿಮೆ. ಈ ದುಡಿಮೆಯನ್ನೇ ಕಾಲು ಶತಮಾನಕ್ಕಿಂತಲೂ ಹೆಚ್ಚು ಕಾಲ ಮಾಡಿದ ಬ್ರೆಜಿಲ್ ದೇಶದ ಒಬ್ಬ ಮಹಿಳೆಯ ಚರಿತ್ರೆಯನ್ನು ಈ ತಿಂಗಳು ನಮ್ಮ ಸೋದರಿಯರ ಮುಂದಿಡುತ್ತೇವೆ.

ಆಕೆಯ ಹುಟ್ಟುಹೆಸರು ಮಿರೈಲ್ದೆಸ್ ಮಾಸಿಯೆಲ್ ಮೋತ. ಲೋಕವು ಆಕೆಯನ್ನು ಬಲ್ಲುದು ಫೋರ್ಮಿಗ ಎಂಬ ಅಡ್ಡಹೆಸರಿನಿಂದ. ಆ ದೇಶದವರಾಡುವ ಪೋರ್ಚುಗೀಸ್ ಭಾಷೆಯಲ್ಲಿ ಫೋರ್ಮಿಗ ಎಂದರೆ ಇರುವೆ. ತನಗಾಗಿ ಆಡದೆ ಇಡೀ ತಂಡಕ್ಕಾಗಿ ಎಡೆಬಿಡದೆ ದುಡಿಯುತ್ತಿದ್ದ ಹುಡುಗಿಯನ್ನು ಕಂಡವರು ಈ ಹೆಸರನ್ನಿಟ್ಟರು. ಮೊದಲಲ್ಲಿ ಈ ಹೆಸರು ಆಕೆಗೆ ರುಚಿಸಲಿಲ್ಲವಂತೆ. ಕಾಲಕ್ರಮದಲ್ಲಿ ಅದೇ ಆಕೆಯ ಬಿರುದಾಯಿತು.

ಫೋರ್ಮಿಗಳು ೧೯೭೮ನೆಯ ಇಸವಿ ಮಾರ್ಚ್ ೩ರಂದು ಬಹಿಯಾ ಪ್ರಾಂತದ ಸಾಲ್ವದೋರ್ ನಗರದಲ್ಲಿ ಜನಿಸಿದಳು. ಆಗ ಬ್ರೆಜಿಲಿನಲ್ಲಿ ಹೆಣ್ಣು ಕಾಲ್ಚೆಂಡನ್ನು ಆಡುವುದು ಶಾಸನಕ್ಕೆ ವಿರುದ್ಧವಾಗಿತ್ತು ಎಂದರೆ ಓದುವವರು ಆಶ್ಚರ್ಯಪಡಬಹುದು. ಕಾಲ್ಚೆಂಡನ್ನು ಕುಲದೈವದಂತೆ ಆರಾಧಿಸುವ ದೇಶವದು. ಆದರೂ ೧೯೪೧ರಲ್ಲಿ ಗೆಟೂಲಿಯೊ ವರ್ಗಾಸನ ಸರಕಾರವು ಸ್ತ್ರೀಯರ ಸ್ವಭಾವಕ್ಕೆ ಹೊಂದದ ಆಟಗಳನ್ನು ಅವರು ಆಡಕೂಡದೆಂದು ವಿಧಿಸಿತು. ಯಾವ ಆಟಗಳು ಹೊಂದವೆಂಬುದು ೧೯೬೫ರಲ್ಲಿ ಹೆಸರು ಹಿಡಿದು ಹೇಳಲ್ಪಟ್ಟಿತು. ಕಾಲ್ಚೆಂಡು, ರಗ್ಬಿ, ಭಾರವೆತ್ತುವುದು ಮೊದಲಾದುವು ಆ ಪಟ್ಟಿಗೆ ಸೇರಿದುವು. ಹೆಣ್ಣಿನ ದೇಹವು ತಾಯ್ತನಕ್ಕಾಗಿ ಇರುವುದು, ಒರಟು ಆಟಗಳಿಂದ ಅದಕ್ಕೆ ಕೇಡಾಗುವುದು ಎಂಬುದು ಅಂದಿನವರ ವಾದ. ಹೊಲದಲ್ಲಿ ಬಾಗಿ ದುಡಿಯುವಾಗಲೂ, ತಲೆಯ ಮೇಲೆ ನೀರು ಹೊರುವಾಗಲೂ ಹೆಣ್ಣಿನ ದೇಹಕ್ಕೆ ಕೇಡಾಗುವುದೆಂದು ಯಾವ ಸರಕಾರವೂ ಶಾಸನ ಮಾಡಿದ್ದನ್ನು ನಾವು ಕೇಳಿಲ್ಲ! ಈ ನಿಷೇಧವು ೧೯೭೯ರ ಕೊನೆಯಲ್ಲಿ ತೆಗೆದುಹಾಕಲ್ಪಟ್ಟಿತು. ಹೆಂಗಸರ ಆಟಕ್ಕೆ ಕ್ರಮವಾದ ನಿಯಮಗಳು ಏರ್ಪಟ್ಟುದು ೧೯೮೩ರಲ್ಲಿ.

ಕಾಗದದ ಮೇಲಿನ ಶಾಸನವನ್ನು ಒಂದು ದಿನದಲ್ಲಿ ಅಳಿಸಬಹುದು. ಮನಸ್ಸಿನೊಳಗಿನ ಶಾಸನವು ಅಷ್ಟು ಬೇಗ ಅಳಿಯದು. ಬಹಿಯಾ ಪ್ರಾಂತದವಳೇ ಆದ ಸಿಸಿ ಎಂಬ ಹಿರಿಯ ಆಟಗಾರ್ತಿಗೆ ಬಾಲ್ಯದಲ್ಲಿ ಚೆಂಡು ದೊರೆಯದೆ, ಬೊಂಬೆಗಳ ತಲೆಯನ್ನು ಕಿತ್ತು ಅದನ್ನೇ ಒದ್ದು ಆಡುತ್ತಿದ್ದಳಂತೆ. ಫೋರ್ಮಿಗಳಿಗಾದರೋ ಅಡ್ಡಿಯು ಮನೆಯೊಳಗೇ ಇತ್ತು. ಆಕೆ ಶಿಶುವಾಗಿದ್ದಾಗಲೇ ತಂದೆಯು ತೀರಿಕೊಂಡನು. ಬೀದಿಯಲ್ಲಿ ಹುಡುಗರೊಂದಿಗೆ ಚೆಂಡಾಡಿ ಬಂದ ತಂಗಿಯನ್ನು ಅಣ್ಣಂದಿರು ಹೊಡೆಯುತ್ತಿದ್ದರು. ಅವರಿಗೂ ಆ ಆಟವು ಪ್ರಿಯವೇ. ತಂಗಿಯು ಆಡುವುದು ಮಾತ್ರ ಮಾನಕ್ಕೆ ಕುಂದು! ಆದರೆ ತಾಯಿಯು ಮಗಳ ಪಕ್ಷವನ್ನು ವಹಿಸಿದಳು. ಹದಿಹರೆಯದ ಮಗಳು ಆಟಕ್ಕಾಗಿ ಮನೆಬಿಟ್ಟು ದೂರದ ಸಾವೊ ಪಾವ್ಲೊ ನಗರಕ್ಕೆ ಹೊರಟಾಗಲೂ ಆ ತಾಯಿಯು ತಡೆಯಲಿಲ್ಲ. ಊರೆಲ್ಲ ಬೇಡವೆಂದಾಗ ಒಬ್ಬಳು ತಾಯಿ ಹೂಂ ಎಂದರೆ ಏನಾದೀತೆಂಬುದಕ್ಕೆ ಮುಂದಿನ ಕಥೆಯೇ ಸಾಕ್ಷಿ.

೧೯೯೫ರಲ್ಲಿ ಸ್ವೀಡನ್ ದೇಶದಲ್ಲಿ ಮಹಿಳೆಯರ ವಿಶ್ವಕಪ್ ಪಂದ್ಯಾವಳಿಯು ನಡೆದಾಗ ಫೋರ್ಮಿಗಳು ಬ್ರೆಜಿಲಿನ ತಂಡದಲ್ಲಿದ್ದಳು. ಆಗ ವಯಸ್ಸು ಹದಿನೇಳು. ಮರುವರ್ಷ ಅಟ್ಲಾಂಟದಲ್ಲಿ ಒಲಿಂಪಿಕ್ ಕ್ರೀಡೋತ್ಸವಕ್ಕೆ ಹೆಂಗಸರ ಕಾಲ್ಚೆಂಡು ಮೊತ್ತಮೊದಲು ಸೇರಿದಾಗ ಅಲ್ಲಿಯೂ ಆಡಿದಳು. ಆ ಕಾಲದಲ್ಲಿ ಬ್ರೆಜಿಲಿನ ಹೆಂಗಸರ ತಂಡಕ್ಕೆ ಗಂಡಸರು ತೊಟ್ಟು ಬಿಟ್ಟ ಉಡುಪೇ ಗತಿ. ಮೈಗೆ ಸಡಿಲವಾದ ಆ ಅಂಗಿಗಳಲ್ಲಿಯೇ ಆಡಿ ಅವರು ೧೯೯೯ರ ವಿಶ್ವಕಪ್ಪಿನಲ್ಲಿ ಮೂರನೆಯ ಸ್ಥಾನವನ್ನು ಗಳಿಸಿದರು. ೨೦೦೪ರಲ್ಲಿ ಅಥೆನ್ಸಿನಲ್ಲಿಯೂ, ೨೦೦೮ರಲ್ಲಿ ಬೀಜಿಂಗಿನಲ್ಲಿಯೂ ಒಲಿಂಪಿಕ್ ಬೆಳ್ಳಿಯ ಪದಕಗಳು ದೊರೆತುವು. ಎರಡು ಸಲವೂ ಅಮೆರಿಕ ಸಂಯುಕ್ತ ಸಂಸ್ಥಾನದ ತಂಡವು ಹೆಚ್ಚಿನ ಅವಧಿಯ ಆಟದಲ್ಲಿ ಇವರನ್ನು ಒಂದೇ ಗೋಲಿನಿಂದ ಸೋಲಿಸಿತು. ಈ ಎರಡರ ನಡುವೆ ೨೦೦೭ರ ವಿಶ್ವಕಪ್ಪಿನ ಕೊನೆಯ ಪಂದ್ಯದಲ್ಲಿ ಜರ್ಮನಿಯೆದುರು ಸೋಲಾಯಿತು. ಅಂದು ಸೋತ ಆಟಗಾರ್ತಿಯರು ಪದಕವನ್ನು ಧರಿಸಿ, ತಮಗೆ ದೇಶದ ಬೆಂಬಲ ಬೇಕೆಂದು ಬರೆದ ಬಟ್ಟೆಯೊಂದನ್ನು ಎತ್ತಿಹಿಡಿದರು. ಜಗತ್ತಿನಲ್ಲಿ ಎರಡನೆಯವರಾಗಿ ನಿಂತ ಹೆಣ್ಣುಮಕ್ಕಳು ತಮ್ಮ ಮನೆಯವರಿಂದಲೇ ಆದರವನ್ನು ಬೇಡಬೇಕಾಯಿತೆಂಬುದನ್ನು ನೆನೆದರೆ ಮನಸ್ಸು ಮರುಗುವುದು.

ಇರುವೆ ಹರಿದಾಡಿದರೆ ಕಲ್ಲೂ ಸವೆಯುವುದೆಂಬ ಮಾತುಂಟು. ಫೋರ್ಮಿಗಳು ಹರಿದಾಡುವುದನ್ನು ನಿಲ್ಲಿಸಲಿಲ್ಲ. ೨೦೧೫ರ ವಿಶ್ವಕಪ್ಪಿನಲ್ಲಿ ದಕ್ಷಿಣ ಕೊರಿಯಾದೆದುರು ಗೋಲು ಹೊಡೆದಾಗ ಆಕೆಗೆ ಮೂವತ್ತೇಳು ವರ್ಷ; ಮಹಿಳೆಯರ ವಿಶ್ವಕಪ್ಪಿನಲ್ಲಿ ಅದುವರೆಗೆ ಅಷ್ಟು ವಯಸ್ಸಿನಲ್ಲಿ ಯಾರೂ ಗೋಲು ಹೊಡೆದಿರಲಿಲ್ಲ. ೨೦೧೬ರಲ್ಲಿ ಸ್ವದೇಶದ ರಿಯೊ ನಗರದಲ್ಲಿ ಒಲಿಂಪಿಕ್ ಕ್ರೀಡೋತ್ಸವವು ಮುಗಿದ ಮೇಲೆ ರಾಷ್ಟ್ರದ ತಂಡದಿಂದ ಬೀಳ್ಕೊಂಡಳು. ಆದರೆ ಆಕೆ ಬಿಟ್ಟ ಜಾಗವನ್ನು ತುಂಬಬಲ್ಲವರು ಸಿಕ್ಕಲಿಲ್ಲ. ತಂಡದ ಶಿಕ್ಷಕನಾದ ವದಾವೊ ಎಂಬವನು ಕೇಳಿಕೊಂಡುದರಿಂದ ೨೦೧೮ರಲ್ಲಿ ಮರಳಿ ಬಂದಳು. ಬಡಿಸುವವಳು ಒಂದು ದಿನ ಪಂಕ್ತಿಯಲ್ಲಿಲ್ಲದಾಗ ತಾನೆ ಅವಳ ಬೆಲೆ ತಿಳಿಯುವುದು!

೨೦೧೯ರಲ್ಲಿ ಫ್ರಾನ್ಸಿನಲ್ಲಿ ನಡೆದ ವಿಶ್ವಕಪ್ ಆಕೆಯ ಏಳನೆಯದು. ಆಗ ವಯಸ್ಸು ನಲವತ್ತೊಂದು. ಗಂಡಸರಲ್ಲಾಗಲಿ ಹೆಂಗಸರಲ್ಲಾಗಲಿ ಏಳು ವಿಶ್ವಕಪ್ಪುಗಳಲ್ಲಿ ಆಡಿದವರು ಆಕೆಗಿಂತ ಮೊದಲು ಯಾರೂ ಇರಲಿಲ್ಲ. ಆಕೆ ಮೊದಲನೆಯ ವಿಶ್ವಕಪ್ಪನ್ನು ಆಡಿದಾಗ ಹುಟ್ಟಿಯೇ ಇರದ ಹುಡುಗಿಯರು ಈಗ ಪಕ್ಕದಲ್ಲಿ ಓಡುತ್ತಿದ್ದರು. ಆ ಸಲ ಫ್ರಾನ್ಸಿನೆದುರು ಸೋತು ಹೊರಬಿದ್ದಾಗ, ಜಗತ್ಪ್ರಸಿದ್ಧಳಾದ ಮಾರ್ತಳು ಕಣ್ಣೀರು ತುಂಬಿಕೊಂಡು ತನ್ನ ದೇಶದ ಬಾಲಿಕೆಯರಿಗೆ ಬುದ್ಧಿ ಹೇಳಿದಳು: ಫೋರ್ಮಿಗಳೂ ತಾನೂ ಎಂದೆಂದಿಗೂ ಇರುವವರಲ್ಲ, ಮುಂದಿನದು ನಿಮ್ಮ ಕೈಯಲ್ಲಿದೆ ಎಂಬುದು ಅದರ ಸಾರ. ಹೊಗಳಿಕೆಯೆಲ್ಲವನ್ನೂ ಪಡೆದ ಮುನ್ನಡೆಯ ಆಟಗಾರ್ತಿಯು ಅಂತಹ ವೇಳೆಯಲ್ಲಿ ನಡುಗಳದವಳ ಹೆಸರನ್ನು ನೆನೆದುದು ಉಚಿತವೇ ಆಗಿದೆ.

೨೦೧೭ರಿಂದ ನಾಲ್ಕು ವರ್ಷ ಪ್ಯಾರಿಸ್ ನಗರದ ಪ್ಯಾರಿಸ್ ಸೇಂಟ್ ಜರ್ಮೇನ್ ತಂಡದಲ್ಲಿ ಆಡಿದ ಆಕೆಯು, ೨೦೨೧ರಲ್ಲಿ ಆ ತಂಡವು ಲಿಯೋನ್ ತಂಡದ ಹದಿನಾಲ್ಕು ವರ್ಷಗಳ ಏಕಚಕ್ರಾಧಿಪತ್ಯವನ್ನು ಮುರಿದು ಫ್ರಾನ್ಸಿನ ಪ್ರಶಸ್ತಿಯನ್ನು ಮೊದಲ ಸಲ ಗೆದ್ದಾಗ ಅದರಲ್ಲಿದ್ದಳು. ಅದೇ ವರ್ಷ ಟೋಕಿಯೋದಲ್ಲಿ ಆಕೆಯ ಏಳನೆಯ ಒಲಿಂಪಿಕ್ ಆಯಿತು. ೧೯೯೬ರಿಂದ ಅಂದಿನ ವರೆಗೆ ನಡೆದ ಹೆಂಗಸರ ಏಳು ಒಲಿಂಪಿಕ್ ಪಂದ್ಯಾವಳಿಗಳಲ್ಲಿಯೂ ಆಡಿದವಳು ಆಕೆಯೊಬ್ಬಳೇ. ಚಿನ್ನದ ಪದಕವು ಮಾತ್ರ ಕೊನೆಗೂ ಕೈಸೇರಲಿಲ್ಲ.

ಈ ಚರಿತ್ರೆಯ ಕೊನೆಯ ಪುಟದಲ್ಲಿ ನಮ್ಮ ದೇಶದ ಹೆಸರೂ ಉಂಟು. ೨೦೨೧ರ ನವೆಂಬರ್ ೨೫ರಂದು ಅಮೆಜಾನ್ ಸೀಮೆಯ ಮನೌಸ್ ನಗರದಲ್ಲಿ ಫೋರ್ಮಿಗಳು ಬ್ರೆಜಿಲಿನ ಪರವಾಗಿ ಕಡೆಯ ಪಂದ್ಯವನ್ನಾಡಿದಳು. ಎದುರಿಗೆ ನಿಂತಿದ್ದುದು ಭಾರತದ ಹೆಣ್ಣುಮಕ್ಕಳ ತಂಡ. ಬ್ರೆಜಿಲಿನವರು ಆರು ಗೋಲುಗಳನ್ನು ಹೊಡೆದು ಗೆದ್ದರು. ಆದರೆ ಅವರ ಮೊದಲನೆಯ ಗೋಲಿಗೆ ಉತ್ತರವಾಗಿ ಪಂಜಾಬಿನ ಮನೀಷಾ ಕಲ್ಯಾಣಳು ಒಂದು ಗೋಲು ಹೊಡೆದು ಕೆಲಹೊತ್ತು ಆಟವನ್ನು ಸಮಮಾಡಿದಳು. ಉತ್ತರಾರ್ಧದಲ್ಲಿ ಫೋರ್ಮಿಗಳು ಕಳಕ್ಕಿಳಿದಳು. ಆಕೆಯ ವಯಸ್ಸಾಗ ನಲವತ್ತಮೂರು. ದೇಶಕ್ಕಾಗಿ ಆಡಿದ ಪಂದ್ಯಗಳು ಇನ್ನೂರಕ್ಕೂ ಮಿಕ್ಕಿದ್ದುವು.

ಹೆಂಗಸರು ಆಡಕೂಡದೆಂದು ಕಟ್ಟಳೆಯಿದ್ದ ಅದೇ ಬ್ರೆಜಿಲಿಗೆ ೨೦೨೭ರ ಮಹಿಳೆಯರ ವಿಶ್ವಕಪ್ಪನ್ನು ನಡೆಸುವ ಗೌರವವು ೨೦೨೪ರಲ್ಲಿ ಕೊಡಲ್ಪಟ್ಟಿತು. ಕಲ್ಲು ಸವೆಯಿತು. ಸವೆಯಿಸಿದ ಕಾಲುಗಳಲ್ಲಿ ಫೋರ್ಮಿಗಳ ಕಾಲುಗಳೂ ಸೇರಿದ್ದುವು.

ಎಲ್ಲ ಹೆಣ್ಣುಮಕ್ಕಳೂ ಕಾಲ್ಚೆಂಡಾಡಬೇಕೆಂದು ನಾವು ಹೇಳುವುದಿಲ್ಲ. ಆದರೆ ಮಗಳು ಸಂಜೆ ಮಣ್ಣು ಮೆತ್ತಿದ ಮೊಣಕಾಲುಗಳೊಡನೆ ಹೊಸ್ತಿಲಿಗೆ ಬಂದು ನಿಂತಾಗ ಬೈಗುಳವು ನಾಲಗೆಯ ತುದಿಗೆ ಬರುವುದು ಸಹಜ. ಆಗ ಸಾಲ್ವದೋರ್ ನಗರದ ಆ ತಾಯಿಯನ್ನು ಒಂದು ಗಳಿಗೆ ನೆನೆಯಿರಿ. ಮೊದಲು ಕಾಲಿಗೆ ನೀರು ಕೊಡಿರಿ. ಆಟದಲ್ಲಿ ಏನಾಯಿತೆಂದು ಕೇಳಿರಿ. ಉಳಿದ ಮಾತು ಊಟವಾದ ಮೇಲೆ ಆದೀತು.