ಹೊಲದ ಬದುವಿನ ಹಕ್ಕಿಗಳು
ಮಾಘ ಕಳೆದು ಫಾಲ್ಗುಣ ಕಾಲಿಡುವ ಸಂಧಿಕಾಲದಲ್ಲಿ, ಬ್ಯಾಡಗಿಯ ಕಣಗಳಲ್ಲಿ ಮೆಣಸಿನಕಾಯಿಯ ರಕ್ತವರ್ಣದ ರಾಶಿಗಳು ಬಿಸಿಲಿಗೆ ಹರಡಿರುವಾಗ, ಹಾವೇರಿ ರಾಣೆಬೆನ್ನೂರುಗಳ ನಡುವಣ ಯಾವುದಾದರೊಂದು ಎರೆಹೊಲದ ಬದುವಿನ ಮೇಲೆ ಅರುಣೋದಯಕ್ಕೆ ಮುನ್ನವೇ ಹೋಗಿ ಕುಳಿತವರಿಗೆ, ಪಕ್ಷಿವೀಕ್ಷಣೆಗೆ ದೂರದ ಅರಣ್ಯಗಳೇ ಬೇಕೆಂಬ ಭ್ರಾಂತಿ ತಾನಾಗಿ ಹರಿಯುತ್ತದೆ. ಜೋಳದ ಕೂಳೆಗಳ ನಡುವೆ ಚಂದ್ರಮುಕುಟವು ನೀಳವಾದ ಕೊಕ್ಕನ್ನು ಮಣ್ಣಿಗೆ ಚುಚ್ಚುತ್ತ, ಸಿಕ್ಕ ಹುಳುವನ್ನು ಮೇಲಕ್ಕೆ ತೂರಿ ನುಂಗುತ್ತ ನಡೆಯುವುದು. ತೆನೆಯ ಕಾಲದಲ್ಲಿ ರೈತನ ಕವಣೆಗೆ ಗುರಿಯಾಗಿದ್ದ, ಮಧ್ಯ ಏಷ್ಯಾದ ಕಡೆಯಿಂದ ಬಂದ ಗುಲಾಬಿ ಕಬ್ಬಕ್ಕಿಗಳು ಈಗ ಹೂಬಿಟ್ಟ ಮುತ್ತುಗವನ್ನು ಮುತ್ತಿ ಮಕರಂದಕ್ಕಾಗಿ ಕಲಹವಾಡುವುವು. ನನ್ನ ಮನಸ್ಸು ವಿಶೇಷವಾಗಿ ನಿಲ್ಲುವುದಾದರೋ ಸೆಳೆವವೆಂಬ ವಲಸೆಯ ಗಿಡುಗದ ಮೇಲೆ: ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ, ಆಳೆತ್ತರದಲ್ಲಿ ಬದುವಿನ ಗುಂಟ ತೇಲುತ್ತ, ಮಿಡತೆಯ ಸುಳಿವು ಹತ್ತಿದೊಡನೆ ಕಾಲು ಚಾಚಿ ಹುಲ್ಲಿನೊಳಕ್ಕೆರಗುವ ಈ ಬೇಟೆಗಾರ, ಇರುಳಿನಲ್ಲಿಯೂ ಮರವನ್ನಾಶ್ರಯಿಸದೆ ಬಯಲ ಹುಲ್ಲಿನಲ್ಲಿಯೇ ಗುಂಪಾಗಿ ತಂಗುವುದು. ಅಂತಹ ಬಯಲನ್ನೇ ನಾವು ಬಂಜರೆಂದು ಬಗೆದೆವು. ರಾಣೆಬೆನ್ನೂರಿನ ಸುಮಾರು 119 ಚದರ ಕಿಲೋಮೀಟರು ನೆಲವನ್ನು 1974ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯವೆಂದು ಘೋಷಿಸಿದರಾದರೂ, ಅದರ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿತು. ಒಂದು ಕಾಲಕ್ಕೆ ಅಲ್ಲಿ ಗಂಭೀರವಾಗಿ ಸಂಚರಿಸುತ್ತಿದ್ದ ಎರೆಭೂತವೆಂಬ ಮಹಾಪಕ್ಷಿ ಇಂದು ಅಲ್ಲಿ ಕಾಣಸಿಗದು, ಇದು ನನಗೆ ಆರದ ವ್ಯಥೆ. ಹೀಗಿರಲು, ಬದುವಿನಲ್ಲಿ ಮೊಳದಗಲ ಹುಲ್ಲನ್ನುಳಿಸುವ ಒಕ್ಕಲಿಗನು ಸೆಳೆವಕ್ಕೆ ಮಾಡುವ ಉಪಕಾರ ಅಲ್ಪವಲ್ಲ. ಯುಗಾದಿಯ ಹೊತ್ತಿಗೆ ಸೆಳೆವ, ಗುಲಾಬಿ ಕಬ್ಬಕ್ಕಿಗಳೆಂಬ ಈ ಅತಿಥಿಗಳು ಉತ್ತರಾಭಿಮುಖವಾಗಿ ಹೊರಡತೊಡಗುವುದರಿಂದ, ನೋಡಬಯಸುವವರು ಶಿವರಾತ್ರಿಯ ಆಸುಪಾಸಿನಲ್ಲಿಯೇ ಹೋಗುವುದು ಲೇಸು.